ನಮ್ಮೂರಿನ ಲೆಕ್ಕ ನಮ್ಮೂರಿಗೆ ಸಿಗಲಿ

ಅಮೆರಿಕದ ಓಹಾಯೋ ರಾಜ್ಯದಲ್ಲಿ 5,000 ಜನ ತುಂಬದ ಪಟ್ಟಣಕ್ಕೆ ಕಾನೂನಿನಲ್ಲೇ ‘ವಿಲೇಜ್’ ಅಂತ ಹೆಸರು. ತುಂಬಿದರೆ ಸಿಟಿ. ಅಂಥದ್ದೊಂದು ವಿಲೇಜಿನಲ್ಲಿ ನಾನಿದ್ದೇನೆ. ಇಲ್ಲಿನ ಸಭೆಗೆ ಹೋದಾಗೆಲ್ಲ ನಮ್ಮ ಗ್ರಾಮಸಭೆ ನೆನಪಾಗುತ್ತದೆ. ನೀರಿನ ಪೈಪು ಬದಲಿಸುವ ಮಾತು ಬಂದರೂ ಜನ ಎಷ್ಟು, ಖಾಲಿ ಮನೆ ಎಷ್ಟು, ವರಮಾನ ಎಷ್ಟು ಅಂತ ಮೊದಲು ನೋಡುತ್ತಾರೆ. ಆ ಅಂಕಿ ಯಾರು ಬೇಕಾದರೂ ತೆಗೆದು ನೋಡಬಹುದು.

ಇಲ್ಲಿ ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸುತ್ತಾರೆ, 1790ರಿಂದಲೂ. ಅದಲ್ಲದೆ ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸ ಆರಿಸಿ ಮನೆ, ಬಾಡಿಗೆ, ವರಮಾನದ ಬಗ್ಗೆ ಕೇಳುತ್ತಾರೆ. ಎಲ್ಲ ಮನೆಗಳನ್ನೂ ವರಮಾನದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯದೇ ಊರಿನ ವರಮಾನ. ಒಬ್ಬ ಸಾಹುಕಾರ ಬಂದು ಸೇರಿದ ಅಂತ ಅದು ಮೇಲೇರುವುದಿಲ್ಲ. ಆದರೆ ಸಣ್ಣ ಊರಿನಲ್ಲಿ ಕೇಳುವುದು ಕೆಲವೇ ಮನೆಗಳನ್ನು. ಅದಕ್ಕೇ ಐದು ವರ್ಷದ ಉತ್ತರ ಕೂಡಿಸಿ ಅಂದಾಜು ಕೊಡುತ್ತಾರೆ, ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದನ್ನೂ ಪಕ್ಕದಲ್ಲೇ ಬರೆಯುತ್ತಾರೆ. ಈ ಪ್ರಾಮಾಣಿಕತೆ ನನಗೆ ತುಂಬ ಇಷ್ಟ.

ನಮ್ಮಲ್ಲಿ? ಕೊನೆಯ ಜನಗಣತಿ ಆಗಿದ್ದು 2011ರಲ್ಲಿ. ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ ಅನ್ನುವ ಲೆಕ್ಕಕ್ಕೂ ಹಿಡಿದುಕೊಂಡದ್ದು ಆ ಹಳೇ ಅಂಕಿಯನ್ನೇ. ಅಷ್ಟರಲ್ಲಿ ಎಷ್ಟು ಮಕ್ಕಳು ಬೆಂಗಳೂರು ಸೇರಿದರು! ರೇಷನ್ ಕಾರ್ಡಿನಲ್ಲಿ ಹೆಸರು ಊರಲ್ಲೇ ಇದೆ, ಮನುಷ್ಯ ಇಲ್ಲ.

ಮನೆಗಳ ವಿಷಯದಲ್ಲಿ ಕಣ್ಣಿಗೆ ಇನ್ನೂ ಮೋಸ ಜಾಸ್ತಿ. ಅಣ್ಣತಮ್ಮಂದಿರು ಹಿಸ್ಸೆಯಾದರೆ ಒಂದು ಮನೆ ಮೂರಾಗುತ್ತದೆ. ಪೇಟೆಯ ದುಡಿಮೆಯಲ್ಲಿ ಆರ್‌ಸಿಸಿ ಮನೆ ಏಳುತ್ತದೆ, ಗೃಹಪ್ರವೇಶ ಮುಗಿದ ಮೇಲೆ ಬೀಗ. ಊರು ಬೆಳೆದಂತೆ ಕಾಣುತ್ತದೆ, ಶಾಲೆಯಲ್ಲಿ ಮಾತ್ರ ಮಕ್ಕಳಿಲ್ಲ. ಇಲ್ಲಿ ಖಾಲಿ ಮನೆಯನ್ನೂ ವಿಂಗಡಿಸುತ್ತಾರೆ: ಮಾರಾಟಕ್ಕೋ, ಬಾಡಿಗೆಗೋ, ರಜೆಗೆ ಬಂದು ಹೋಗುವವರದೋ ಅಂತ. ನಮ್ಮ ಬೀಗದ ಮನೆಗಳಿಗೂ ಈ ವಿಂಗಡಣೆ ಬೇಕು. ಹಬ್ಬಕ್ಕೆ ತೆರೆಯುವ ಮನೆ ಬೇರೆ, ಸೂರು ಕುಸಿಯುತ್ತಿರುವ ಮನೆ ಬೇರೆ, ಅಲ್ವಾ?

ಇನ್ನು ವರಮಾನ. ನಮ್ಮ ಜನಗಣತಿ ಟಿವಿ ಇದೆಯಾ, ಬೈಕ್ ಇದೆಯಾ ಅಂತ ಕೇಳುತ್ತದೆ, ವರಮಾನ ಕೇಳುವುದಿಲ್ಲ. ಹಳ್ಳಿಯವನು ವರಮಾನ ಹೇಳುವುದು ಹೆಚ್ಚಾಗಿ ನಾಡಕಚೇರಿಯಲ್ಲಿ, ಪ್ರಮಾಣಪತ್ರಕ್ಕಾಗಿ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷ ರೂಪಾಯಿಯ ಮಿತಿ ಇದೆ. ಮಿತಿ ದಾಟಿದರೆ ಅಕ್ಕಿ ಹೋಗುತ್ತದೆ ಅನ್ನುವ ಭಯ ಇರುವಾಗ ಯಾರು ತಾನೇ ನಿಜ ಹೇಳುತ್ತಾರೆ? ಅವರನ್ನು ದೂರಿ ಫಲವಿಲ್ಲ. ಇಲ್ಲಿ ಸರ್ವೆಯಲ್ಲಿ ಹೇಳಿದ್ದನ್ನು ತೆರಿಗೆಯವರಿಗೂ ಕೊಡುವಂತಿಲ್ಲ ಅಂತ ಕಾನೂನೇ ಇದೆ. ನಮ್ಮಲ್ಲೂ ಸವಲತ್ತಿಗೆ ಗಂಟು ಹಾಕದೆ, ಹೆಸರು ಬರೆದುಕೊಳ್ಳದೆ ಒಮ್ಮೆ ಕೇಳಿ ನೋಡಬೇಕು.

ಇದೆಲ್ಲ ದೊಡ್ಡ ಖರ್ಚಿನ ಕೆಲಸವೇನಲ್ಲ. ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ ಮನೆಮನೆ ಸುತ್ತಿ ಬರೆದುಕೊಳ್ಳುತ್ತಾರೆ. ಪಂಚಾಯಿತಿಯಲ್ಲಿ ಮನೆ ಕಂದಾಯದ ಪಟ್ಟಿ ಇದೆ. ಎಲ್ಲವೂ ಮೇಲಿನ ಕಚೇರಿಗೆ ಹೋಗುತ್ತದೆ, ಊರಿಗೆ ವಾಪಸ್ ಬರುವುದಿಲ್ಲ. ಗ್ರಾಮಸಭೆಗೆ ಮೊದಲು ಪಂಚಾಯಿತಿ ಗೋಡೆಗೆ ಒಂದು ಹಾಳೆ ಅಂಟಿಸಲಿ: ಮನೆ ಎಷ್ಟು, ಬೀಗ ಬಿದ್ದದ್ದು ಎಷ್ಟು, ಹೋದ ವರ್ಷದಿಂದ ಊರು ಬಿಟ್ಟವರು ಎಷ್ಟು, ವಯಸ್ಸಾದವರು ಒಬ್ಬರೇ ಇರುವ ಮನೆ ಎಷ್ಟು. ಆ ಕೊನೆಯ ಸಾಲನ್ನು ನಮ್ಮಂಥ ಹೊರಗಿರುವವರಿಗೂ ಕಳಿಸಲಿ.