ಪರ-ವಿರೋಧ: ಟಿವಿ ಕಂಪನಿಯನ್ನು ಟೆಕ್ ಕಂಪನಿ ಕೊಂಡರೆ ಒಳ್ಳೆಯದಾ?

ಪರ: ದುಡ್ಡಿರುವವರು ಬಂದರೆ ಕಾರ್ಖಾನೆ ಉಳಿಯುತ್ತದೆ
(ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಕೋಲಾರ)

ಪರವಾಗಿ ಬರೆದುಕೊಡಿ ಎಂದು ಕೇಳಿದರು. ಇಂಥ ಪ್ರತಿಯೊಂದು ಖರೀದಿಯೂ ಒಳ್ಳೆಯದು ಅಂತ ನಾನು ಹೇಳಲಾರೆ. ಆದರೆ ಪರವಾಗಿ ಹೇಳಬೇಕಾದ ಮಾತು ಖಂಡಿತ ಇದೆ.

ಟಿವಿ ಮಾಡಿ ಮಾರುವುದರಲ್ಲಿ ಈಗ ಲಾಭ ತೀರಾ ಕಡಿಮೆ. ಖರ್ಚಿನಲ್ಲಿ ದೊಡ್ಡ ಪಾಲು ಪ್ಯಾನೆಲ್‌ಗೇ, ಅಂದರೆ ಪರದೆಗೇ ಹೋಗುತ್ತದೆ. ಆ ಪ್ಯಾನೆಲ್ಲನ್ನೂ ಎಷ್ಟೋ ಕಂಪನಿಗಳು ಬೇರೆಯವರಿಂದ ಕೊಂಡು ತರುತ್ತವೆ. ಹೀಗಿರುವಾಗ ಹಳೆಯ ಹೆಸರುಗಳು ಒಂಟಿಯಾಗಿ ನಿಲ್ಲುವುದು ಕಷ್ಟ. ಜರ್ಮನಿಯ ಲೋವೆ ಕಂಪನಿ ಶುರುವಾದದ್ದು 1923ರಲ್ಲಿ. 2012ರಲ್ಲಿ ಆಪಲ್ ಅದನ್ನು ಕೊಳ್ಳುತ್ತದಂತೆ ಎಂದು ಸುದ್ದಿ ಹಬ್ಬಿತು. ಹಾಗೇನೂ ಇಲ್ಲ ಅಂದಿತು ಲೋವೆ. ಮರುವರ್ಷವೇ ದಿವಾಳಿಯ ಬಾಗಿಲಿಗೆ ಬಂತು, 2019ರಲ್ಲಿ ಮತ್ತೆ ಅದೇ ಗತಿ. ಅದೇ ಜಪಾನಿನ ಶಾರ್ಪ್ ನೋಡಿ. ನಷ್ಟದಲ್ಲಿ ಮುಳುಗಿದ್ದ ಅದರ 66% ಪಾಲನ್ನು 2016ರಲ್ಲಿ ಐಫೋನ್ ಜೋಡಿಸುವ ತೈವಾನಿನ ಫಾಕ್ಸ್‌ಕಾನ್ ಕೊಂಡಿತು. ಎರಡು ವರ್ಷದೊಳಗೆ ಶಾರ್ಪ್ ಲಾಭಕ್ಕೆ ಮರಳಿತು.

ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ನರಸಾಪುರದ ಐಫೋನ್ ಕಾರ್ಖಾನೆ ಮೊದಲು ವಿಸ್ಟ್ರಾನ್‌ನದು. 2023ರಲ್ಲಿ ಅದನ್ನು ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ಫೋನ್ ತಯಾರಿ ನಿಲ್ಲಲಿಲ್ಲ. ಕೋರ್ಸ್ ಮುಗಿಸಿದ ನಮ್ಮ ಹುಡುಗಿಯರು, ಅದರಲ್ಲೂ ಹಳ್ಳಿಯಿಂದ ಬಂದವರು, ಮೊದಲು ಕೇಳುವುದು ನರಸಾಪುರದಲ್ಲಿ ಕೆಲಸ ಇದೆಯಾ ಮೇಡಂ ಅಂತಲೇ. ಗೇಟಿನ ಬೋರ್ಡ್ ಮೇಲೆ ಯಾರ ಹೆಸರಿದೆ ಅಂತ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಕಾರ್ಖಾನೆ ನಡೆಯಬೇಕು, ಸಂಬಳ ಬರಬೇಕು, ಅಷ್ಟೇ.

ಇನ್ನೊಂದು ಮಾತು. ಈಗಿನ ಟಿವಿಯಲ್ಲಿ ಅರ್ಧ ಕೆಲಸ ಸಾಫ್ಟ್‌ವೇರಿನದು. ಸಾಫ್ಟ್‌ವೇರ್ ಬಲ್ಲವರೇ ಅದನ್ನು ಮಾಡಿದರೆ ಟಿವಿ ಚುರುಕಾಗಿರುತ್ತದೆ, ಫೋನಿನ ಜೊತೆ ಹೊಂದಿಕೊಳ್ಳುತ್ತದೆ. ನಾವು ಏನು ನೋಡುತ್ತೇವೆ ಎಂಬುದನ್ನು ಟಿವಿ ಗಮನಿಸುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿಕೊಳ್ಳಬಹುದು.

ವಿರೋಧ: ಮನೆಯಲ್ಲಿರುವ ಟಿವಿಯ ಗತಿ ಏನು?
(ಟಿವಿ ರಿಪೇರಿ ಅಂಗಡಿಯವರು, ಬಂಗಾರಪೇಟೆ)

ಕಂಪನಿ ಕೈ ಬದಲಾದಾಗ ಪೇಪರಿನಲ್ಲಿ ಬರುವುದು ಎಷ್ಟು ಕೋಟಿ ಎಂಬ ಲೆಕ್ಕ ಮಾತ್ರ. ಆ ಕಂಪನಿಯ ಟಿವಿಯನ್ನು ಆಗಲೇ ಕೊಂಡು ಗೋಡೆಗೆ ಹಾಕಿಕೊಂಡವರ ಪಾಡೇನು? ಅದನ್ನು ಯಾರೂ ಬರೆಯುವುದಿಲ್ಲ. ಅವರು ಬರುವುದು ನಮ್ಮಂಥ ಅಂಗಡಿಗೆ.

ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಕಂಪನಿ ಹೋದರೂ ಟಿವಿ ಹೋಗುತ್ತಿರಲಿಲ್ಲ. ಡಯನೋರಾ, ಸಾಲಿಡೇರ್ ಸೆಟ್ಟುಗಳನ್ನು ಆ ಹೆಸರುಗಳು ಅಂಗಡಿಯಿಂದ ಮರೆಯಾದ ಮೇಲೂ ರಿಪೇರಿ ಮಾಡಿದ್ದೇವೆ. ಟ್ರಾನ್ಸಿಸ್ಟರ್ ಸುಟ್ಟರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತಿತ್ತು. ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ಪಾರ್ಟ್ ಕೈಯಲ್ಲಿ. ಸರ್ಕ್ಯೂಟ್ ಡಯಾಗ್ರಾಂ ಪುಸ್ತಕವೂ ಸಿಗುತ್ತಿತ್ತು.

ಈಗ ನೋಡಿ. ಹೋದ ಮಳೆಗಾಲದಲ್ಲಿ ಮುಳಬಾಗಿಲು ಕಡೆಯ ರೈತರೊಬ್ಬರು 43 ಇಂಚಿನ ಸ್ಮಾರ್ಟ್ ಟಿವಿ ತಂದರು. ಟೊಮೆಟೊಗೆ ಒಳ್ಳೆ ರೇಟು ಸಿಕ್ಕ ವರ್ಷ ಮಗಳ ಓದಿಗೆ ಅಂತ ತಗೊಂಡಿದ್ದರು. ಆನ್ ಮಾಡಿದರೆ ಕಂಪನಿ ಹೆಸರು ಬರುತ್ತದೆ, ಪರದೆ ಕಪ್ಪಾಗುತ್ತದೆ, ಮತ್ತೆ ಹೆಸರು ಬರುತ್ತದೆ. ಹಿಂದಿನ ಕವರ್ ಬಿಚ್ಚಿದೆ. ಪವರ್ ಬೋರ್ಡಿನಲ್ಲಿ ವೋಲ್ಟೇಜ್ ಸರಿಯಿದೆ. ಬ್ಯಾಕ್‌ಲೈಟ್ ಪಟ್ಟಿಗಳು ಸರಿಯಿವೆ. ಪ್ಯಾನೆಲ್ ಮೇಲೆ ಒಂದು ಗೆರೆಯೂ ಇಲ್ಲ. ಕೆಟ್ಟಿದ್ದು ಮೇನ್ ಬೋರ್ಡಿನ ಮೆಮೊರಿಯಲ್ಲಿದ್ದ ಸಾಫ್ಟ್‌ವೇರ್. ಫೈಲ್ ಸಿಕ್ಕಿದ್ದರೆ ಪೆನ್‌ಡ್ರೈವ್‌ಗೆ ಹಾಕಿ ಮತ್ತೆ ತುಂಬಿಸಬಹುದಿತ್ತು. ಸಣ್ಣ ಕೆಲಸ.

ಆ ಫೈಲೇ ಸಿಗಲಿಲ್ಲ. ಕಂಪನಿಯನ್ನು ಬೇರೆಯವರು ಕೊಂಡಿದ್ದರು, ಹಳೆಯ ವೆಬ್‌ಸೈಟ್ ಮುಚ್ಚಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ‘ಆ ಮಾಡೆಲ್‌ಗೆ ಸಪೋರ್ಟ್ ನಿಲ್ಲಿಸಿದ್ದೀವಿ ಸರ್, ಎಕ್ಸ್‌ಚೇಂಜ್ ಆಫರ್ ಇದೆ’ ಅಂದರು. ರೈತರಿಗೆ ಇದನ್ನು ಹೇಗೆ ಹೇಳೋದು? ‘ಗಾಜು ಒಡೆದಿಲ್ಲ, ಒಳಗೆ ಸುಟ್ಟಿಲ್ಲ, ಆದ್ರೂ ಕೆಟ್ಟೋಗಿದೆ ಅಂತೀಯಲ್ಲಪ್ಪಾ’ ಅಂದರು ಅವರು. ಕೊನೆಗೆ ಬೇರೆ ಬೇರೆ ಕಂಪನಿ ಟಿವಿಗೂ ಹೊಂದುವ ಒಂದು ಯೂನಿವರ್ಸಲ್ ಬೋರ್ಡ್ ಹಾಕಿಕೊಟ್ಟೆ. ಕೇಬಲ್ ಬರುತ್ತದೆ, ಚಿತ್ರ ಬರುತ್ತದೆ. ಮಗಳು ಪಾಠ ನೋಡುತ್ತಿದ್ದ ಆ್ಯಪ್ ಮಾತ್ರ ಅದರಲ್ಲಿ ಓಡುವುದಿಲ್ಲ. ಟಿವಿ ತಗೊಂಡಿದ್ದೇ ಅದಕ್ಕೆ. ಈಗ ಆ ಹುಡುಗಿ ಅಪ್ಪನ ಫೋನಿನಲ್ಲಿ ನೋಡುತ್ತಾಳೆ, ಅದೂ ಅವರು ಮಂಡಿಯಿಂದ ಮನೆಗೆ ಬಂದ ಮೇಲೆ.

ನಮ್ಮ ಜನ ಫ್ರಿಜ್, ಟಿವಿ ತಗೊಳ್ಳುವುದು ಹತ್ತು ವರ್ಷ ಬರಲಿ ಅಂತ. ಟೆಕ್ ಕಂಪನಿಗಳಿಗೆ ಅಷ್ಟು ತಾಳ್ಮೆ ಇಲ್ಲ. ಗೂಗಲ್ 2012ರಲ್ಲಿ ಮೊಟೊರೊಲಾ ಮೊಬಿಲಿಟಿಯನ್ನು 1,250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮರುವರ್ಷವೇ ಅದರ ಸೆಟ್‌ಟಾಪ್ ಬಾಕ್ಸ್ ವಿಭಾಗ ಇನ್ನೊಬ್ಬರ ಪಾಲಾಯಿತು. 2014ರಲ್ಲಿ ಫೋನ್ ವಿಭಾಗವನ್ನೂ ಲೆನೊವೊಗೆ ಮಾರಿತು. ಪೇಟೆಂಟುಗಳಲ್ಲಿ ಹೆಚ್ಚಿನವನ್ನು ಮಾತ್ರ ತಾನೇ ಇಟ್ಟುಕೊಂಡಿತು. ಅಷ್ಟು ದೊಡ್ಡ ಕಂಪನಿಯೇ ಹೀಗೆ ಮಾಡಿದರೆ ಟಿವಿ ಕಂಪನಿ ಕೊಳ್ಳುವವರನ್ನು ನಂಬುವುದು ಹೇಗೆ?

ಅವರಿಗೆ ಬೇಕಾಗಿರುವುದು ಟಿವಿ ಅಲ್ಲವೇ ಅಲ್ಲ, ನೋಡುವವರು. ಅಮೆರಿಕದ ಟಿವಿ ಕಂಪನಿ ವಿಜಿಯೊ ವಿಷಯ ಕೇಳಿ. 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆ ಎಂಬುದನ್ನು ಅವರ ಒಪ್ಪಿಗೆ ಕೇಳದೆ ಅದು ದಾಖಲಿಸುತ್ತಿತ್ತು ಎಂಬುದು ಅಲ್ಲಿನ ಸರ್ಕಾರದ ಆರೋಪ. 2017ರಲ್ಲಿ ವಿಜಿಯೊ 22 ಲಕ್ಷ ಡಾಲರ್ ಕಟ್ಟಿ ಆ ಕೇಸು ಮುಗಿಸಿಕೊಂಡಿತು. 2024ರಲ್ಲಿ ಅದೇ ವಿಜಿಯೊವನ್ನು ಅಲ್ಲಿನ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ 230 ಕೋಟಿ ಡಾಲರ್ ಕೊಟ್ಟು ಕೊಂಡಿತು. ಜಾಹೀರಾತು ವ್ಯಾಪಾರ ಬೆಳೆಸಲಿಕ್ಕೆ ಅಂತ ತಾನೇ ಹೇಳಿಕೊಂಡಿತು. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ ಅನ್ನುವವರು ಒಮ್ಮೆ ನಮ್ಮ ಅಂಗಡಿಗೆ ಬರಲಿ. ಆ ಸೆಟ್ಟಿಂಗ್ ಎಲ್ಲಿದೆ ಅಂತ ಅರವತ್ತು ದಾಟಿದ ಅಜ್ಜಿಗೆ ರಿಮೋಟ್ ಹಿಡಿದು ತೋರಿಸಿಕೊಡಲಿ.

ಮಾಲೀಕ ಬದಲಾದರೆ ಕಾರ್ಖಾನೆ ಉಳಿಯುತ್ತದೆ ಅನ್ನುವ ಮಾತು ಸುಮ್ನೆ. ದೊಡ್ಡ ಕಂಪನಿ ಬಂತು, ಇನ್ನು ಎಲ್ಲ ಸರಿಹೋಯಿತು ಅನ್ನುವವರಿಗೆ ಜಪಾನಿನ ಸಕಾಯಿ ಊರಿನ ಕಥೆ ಗೊತ್ತಿಲ್ಲವೇನೋ. ಫಾಕ್ಸ್‌ಕಾನ್ ಕೈಗೆ ಹೋದ ಶಾರ್ಪ್‌ನ ಟಿವಿ ಪ್ಯಾನೆಲ್ ಕಾರ್ಖಾನೆ ಇದ್ದದ್ದು ಆ ಊರಿನಲ್ಲೇ. 2024ರಲ್ಲಿ ಅಲ್ಲಿ ಟಿವಿ ಪ್ಯಾನೆಲ್ ತಯಾರಿ ನಿಂತೇ ಹೋಯಿತು.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್, ಅಂದರೆ ಕಂಪನಿಗಳ ರಿಪೇರಿ ಮಾಹಿತಿ ಒಂದೆಡೆ ಸಿಗುವ ವೆಬ್‌ಸೈಟ್ ತೆರೆಯಿತು. ಒಳ್ಳೆಯ ಕೆಲಸ. ಆದರೆ ಪೋರ್ಟಲ್ ಸಾಲದು. ಟಿವಿ ಕಂಪನಿಯನ್ನು ಯಾರೇ ಕೊಂಡರೂ ಹಳೆಯ ಮಾಡೆಲ್‌ಗಳ ಸಾಫ್ಟ್‌ವೇರ್ ಫೈಲ್ ಮತ್ತು ಸರ್ವಿಸ್ ಮ್ಯಾನುಯಲ್ ಹತ್ತು ವರ್ಷ ಎಲ್ಲರಿಗೂ ಸಿಗುವ ಹಾಗೆ ಇಡಬೇಕು. ಮಾರಾಟಕ್ಕೆ ಒಪ್ಪಿಗೆ ಕೊಡುವ ಮುಂಚೆಯೇ ಇದನ್ನು ಬರೆಸಿಕೊಳ್ಳಬೇಕು. ಕಂಪನಿಯ ಸರ್ವಿಸ್ ಸೆಂಟರ್‌ಗೆ ಮಾತ್ರ ಕೊಟ್ಟರೆ ಆಗದು. ಮುಳಬಾಗಿಲಿನ ಆ ರೈತರು ಟಿವಿ ಹೊತ್ತುಕೊಂಡು ಬೆಂಗಳೂರಿಗೆ ಹೋಗುವುದಿಲ್ಲ. ಇಲ್ಲಿಗೆ, ನಮ್ಮ ಅಂಗಡಿಗೇ ಬರುತ್ತಾರೆ.