ಸಂಧಿ ಎಂದರೆ ಯಾವ ಸಂಧಿ?

ಸಂಧಿವಾತದ ಲೇಖನ ಓದುತ್ತಿರುವವರು ಅಲ್ಲಿನ ‘ಸಂಧಿ’ ಎಂಬ ನೀಲಿ ಪದವನ್ನು ಒತ್ತಿದರೆ ಎಲ್ಲಿಗೆ ಹೋಗಬೇಕು? ಮೂಳೆಗೆ ಮೂಳೆ ಕೂಡುವ ಜಾಗದ ವಿವರಣೆಗೆ. ನಾನು ಬಿಡುವಾದಾಗಲೆಲ್ಲ ಬರೆಯುವ, ತಿದ್ದುವ ವಿಕಿಯೊಂದರಲ್ಲಿ ಆ ಕೊಂಡಿ ಹೋಗುತ್ತಿದ್ದದ್ದು ಲೋಪ, ಆಗಮ, ಆದೇಶಗಳ ಕಡೆಗೆ. ಮಂಡಿ ಏಕೆ ಊದಿಕೊಂಡಿದೆ ಎಂದು ತಿಳಿಯಲು ಬಂದವರಿಗೆ ‘ಮಳೆ + ಕಾಲ = ಮಳೆಗಾಲ’ ಎಂಬ ಉದಾಹರಣೆ ಎದುರಾಗುತ್ತಿತ್ತು. ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಬರುವುದು ಸುಲಭವೂ ಅಲ್ಲ. ಪುಟವೇ ಇಲ್ಲದಿದ್ದರೆ ಕೊಂಡಿ ಕೆಂಪಾಗಿರುತ್ತದೆ, ನೋಡಿದವರು ಯಾರಾದರೂ ಸರಿಪಡಿಸುತ್ತಾರೆ. ತಪ್ಪು ಪುಟಕ್ಕೆ ಒಯ್ಯುವ ಕೊಂಡಿಯ ಬಣ್ಣ ಮಾತ್ರ ಸರಿಯಾದ ಕೊಂಡಿಯ ಬಣ್ಣವೇ.

ಚರ್ಚೆಪುಟದಲ್ಲಿ ವಿಷಯ ಎತ್ತಿದೆ. ‘ವ್ಯಾಕರಣದ ಲೇಖನ ಮೊದಲು ಬಂದಿದೆ, ಆ ಹೆಸರು ಅದಕ್ಕೇ ಇರಲಿ’ ಎಂಬ ಉತ್ತರ ಬಂತು. ಈ ವಾದವನ್ನು ನಾನು ಒಪ್ಪುವುದಿಲ್ಲ. ಯಾವ ಲೇಖನವನ್ನು ಯಾರು ಮೊದಲು ಬರೆದರು ಎನ್ನುವುದು ಓದುಗರಿಗೆ ಸಂಬಂಧವೇ ಇಲ್ಲದ ಸಂಗತಿ. ಆ ಒಂದು ಪದವನ್ನಷ್ಟೇ ಟೈಪ್ ಮಾಡಿ ಹುಡುಕುವವರಲ್ಲಿ ಹೆಚ್ಚಿನವರಿಗೆ ಏನು ಬೇಕಾಗಿರುತ್ತದೆ ಎಂಬುದನ್ನು ನೋಡಬೇಕು. ‘ಸೂರ್ಯ’ ಎಂಬ ಹೆಸರಿನ ವ್ಯಕ್ತಿಗಳು ಎಷ್ಟೇ ಇರಲಿ, ಆ ಶೀರ್ಷಿಕೆ ನಕ್ಷತ್ರಕ್ಕೇ ಸಲ್ಲಬೇಕು. ಉಳಿದವರಿಗಾಗಿ ಪುಟದ ತಲೆಯಲ್ಲಿ ಒಂದು ಸಾಲಿನ ಸೂಚನೆ ಸಾಕು. ‘ಸಂಧಿ’ಯ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ವ್ಯಾಕರಣದ ಸಂಧಿ, ದೇಹದ ಸಂಧಿ, ರಾಜರು ಮಾಡಿಕೊಂಡ ಸಂಧಿ, ಜೊತೆಗೆ ಷಟ್ಪದಿ ಕಾವ್ಯಗಳ ಅಧ್ಯಾಯಗಳಿಗೂ ಅದೇ ಹೆಸರು. ಒಂದಕ್ಕಿಂತ ಇನ್ನೊಂದು ಮುಖ್ಯ ಎನ್ನಲಾಗದಿದ್ದಾಗ ಬರಿಯ ಪದವನ್ನು ದ್ವಂದ್ವ ನಿವಾರಣೆ ಪುಟಕ್ಕೆ, ಅಂದರೆ ಒಂದೇ ಹೆಸರಿನ ಲೇಖನಗಳನ್ನೆಲ್ಲ ಪಟ್ಟಿ ಮಾಡಿ ದಾರಿ ತೋರಿಸುವ ಪುಟಕ್ಕೆ, ಬಿಟ್ಟುಕೊಡುವುದೇ ನ್ಯಾಯ.

ಇನ್ನೊಂದು ಅಭ್ಯಾಸ ನನ್ನನ್ನು ಬಹಳ ಕಾಡುತ್ತದೆ. ಇಂಗ್ಲಿಷಿನ ದ್ವಂದ್ವ ನಿವಾರಣೆ ಪುಟಗಳನ್ನು ಹಾಗೆಯೇ ಅನುವಾದಿಸಿ ತಂದು ಹಾಕುವುದು. ಇಂಗ್ಲಿಷಿನಲ್ಲಿ ಮರ್ಕ್ಯುರಿ ಎಂದರೆ ಗ್ರಹವೂ ಹೌದು, ಲೋಹವೂ ಹೌದು, ರೋಮನ್ನರ ದೇವರೂ ಹೌದು. ನಮಗೆ ಗ್ರಹ ಬುಧ, ಲೋಹ ಪಾದರಸ. ಇಲ್ಲಿ ಗೊಂದಲವೇ ಇಲ್ಲ. ನಮ್ಮ ಗೊಂದಲಗಳು ಬೇರೆ ಕಡೆ ಇವೆ. ‘ವರ್ಗ’ ಎಂದರೆ ಗಣಿತದಲ್ಲಿ ಒಂದು, ಜೀವಿಗಳ ವರ್ಗೀಕರಣದಲ್ಲಿ ಇನ್ನೊಂದು, ಸಮಾಜಶಾಸ್ತ್ರದಲ್ಲಿ ಮತ್ತೊಂದು. ‘ಧಾತು’ ರಸಾಯನಶಾಸ್ತ್ರಕ್ಕೂ ಬೇಕು, ವ್ಯಾಕರಣಕ್ಕೂ ಬೇಕು, ಆಯುರ್ವೇದಕ್ಕೂ ಬೇಕು. ಹೊರಗಿನ ಹೆಸರುಗಳು ನಮ್ಮ ಲಿಪಿಗೆ ಬಂದಾಗ ಹೊಸ ಗೊಂದಲವೂ ಹುಟ್ಟುತ್ತದೆ. ಇಂಡೋನೇಷ್ಯಾದ ದ್ವೀಪ ಜಾವಾ, 1995ರಲ್ಲಿ ಬಂದ ಪ್ರೋಗ್ರಾಮಿಂಗ್ ಭಾಷೆ ಜಾವಾ, 1929ರಲ್ಲಿ ಪ್ರಾಗ್ ನಗರದಲ್ಲಿ ಶುರುವಾದ ಮೋಟಾರ್ ಸೈಕಲ್ ಕಂಪನಿಯೂ ಜಾವಾ. ಕಂಪನಿಯ ಹೆಸರಿನ ಕಾಗುಣಿತ ಇಂಗ್ಲಿಷಿನಲ್ಲಿ ಬೇರೆ ಇರುವುದರಿಂದ ಅಲ್ಲಿ ಅದು ತಾನಾಗಿಯೇ ಬೇರೆಯಾಗುತ್ತದೆ. ನಮ್ಮಲ್ಲಿ ಮೂರೂ ಒಂದೇ ಅಕ್ಷರಗಳಲ್ಲಿ ಬಂದು ಕೂರುತ್ತವೆ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದದ ನೆರವೂ ನಮಗಿಲ್ಲ.

ಹಾಗೆಂದು ಎಲ್ಲದಕ್ಕೂ ಆವರಣ ಹಚ್ಚುತ್ತಾ ಹೋಗಬಾರದು. ದೇಹದ ಸಂಧಿಗೆ ‘ಸಂಧಿ (ಅಂಗರಚನೆ)’ ಎಂದು ಹೆಸರಿಡುವ ಸಲಹೆ ಬಂದಿತ್ತು. ನಾನು ‘ಕೀಲು’ ಎಂದೆ. ಕೀಲುನೋವು ಎಂಬ ಮಾತು ಎಲ್ಲರ ಬಾಯಲ್ಲೂ ಇರುವಾಗ, ಎರಡನೆಯ ಅರ್ಥವೇ ಅಡ್ಡಬಾರದಂಥ ಇಷ್ಟು ಚೆನ್ನಾದ ಪದ ಸಿಕ್ಕಿರುವಾಗ, ಆವರಣ ಯಾಕೆ? ಶಾಸ್ತ್ರೀಯವಾಗಿ ಕೇಳಿಸುವುದಿಲ್ಲ ಎಂಬ ಆಕ್ಷೇಪಣೆ ಬಂತು. ಎರಡು ದಿನ ವಾದ ನಡೆದ ಮೇಲೆ ಕೀಲು ಉಳಿಯಿತು, ನನಗೆ ತುಂಬಾ ಸಂತೋಷವಾಯಿತು. ವ್ಯಾಕರಣದ್ದಕ್ಕೆ ಬೇರೆ ದಾರಿಯಿರಲಿಲ್ಲ, ‘ಸಂಧಿ (ವ್ಯಾಕರಣ)’ ಆಯಿತು.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಪುಟದ ಹೆಸರು ಬದಲಿಸುವುದು ಒಂದು ಗುಂಡಿ ಒತ್ತುವಷ್ಟೇ ಕೆಲಸ. ಆದರೆ ಹಳೆಯ ಕೊಂಡಿಗಳೆಲ್ಲ ‘ಸಂಧಿ’ಯತ್ತಲೇ ಬೆರಳು ತೋರಿಸುತ್ತಿರುತ್ತವೆ. ಅವನ್ನು ಹಾಗೆಯೇ ಬಿಟ್ಟರೆ ಪ್ರತಿಯೊಬ್ಬ ಓದುಗನೂ ನಾಲ್ಕು ದಾರಿ ಕೂಡುವಲ್ಲಿ ಬಂದು ನಿಲ್ಲುತ್ತಾನೆ. ಹೆಸರು ಬದಲಿಸಿದವರೇ ಅವನ್ನೂ ತಿದ್ದಬೇಕು, ಇಲ್ಲವಾದರೆ ಬದಲಿಸಲೇಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಈ ಪುಟಕ್ಕೆ ಯಾವ್ಯಾವ ಲೇಖನಗಳಿಂದ ಕೊಂಡಿಗಳಿವೆ ಎಂಬ ಪಟ್ಟಿಯನ್ನು ವಿಕಿಯೇ ಕೊಡುತ್ತದೆ. ಅದನ್ನು ತೆರೆದು ಒಂದೊಂದೇ ಲೇಖನಕ್ಕೆ ಹೋದೆ. ಯಂತ್ರಕ್ಕೆ ಒಪ್ಪಿಸುವ ಕೆಲಸ ಇದಲ್ಲ, ವಾಕ್ಯ ಓದಿಯೇ ನಿರ್ಧರಿಸಬೇಕು. ‘ಯುದ್ಧ ಬಿಟ್ಟು ಸಂಧಿಗೆ ಮುಂದಾದನು’ ಎಂಬ ವಾಕ್ಯದಲ್ಲಿ ಕೊಂಡಿಯೇ ಬೇಕಿರಲಿಲ್ಲ, ತೆಗೆದುಹಾಕಿದೆ. ‘ಹತ್ತನೆಯ ಸಂಧಿಯಲ್ಲಿ’ ಎಂಬಲ್ಲಿ ಷಟ್ಪದಿಯ ಲೇಖನಕ್ಕೆ ಜೋಡಿಸಿದೆ. ಮುಗಿಸಲು ಎರಡು ಸಂಜೆ ಹಿಡಿಯಿತು.

ಈಗ ‘ಕೋಶ’ದ ಪಟ್ಟಿ ತೆರೆದಿದ್ದೇನೆ. ಮೊದಲನೆಯ ಕೊಂಡಿ ರಕ್ತದ ಲೇಖನದ್ದು, ಎರಡನೆಯದು ನಿಘಂಟುಗಳ ಲೇಖನದ್ದು. ಎರಡೂ ಒಂದೇ ಪುಟಕ್ಕೆ ಹೋಗುತ್ತಿವೆ.