ನಿರುದ್ಯೋಗಿಗೊಂದು ಹಾಜರಿ ಪುಸ್ತಕ

"ಸುಮ್ನೆ ಕೂತವರಿಗೆ ಯಾಕ್ರೀ ದುಡ್ಡು? ಏನಾದ್ರೂ ಕೆಲಸ ಮಾಡಿಸಿ, ಆಮೇಲೆ ಕೊಡಲಿ." ರಾಜ್ಯದ ನಿರುದ್ಯೋಗ ಭತ್ಯೆ ಯುವನಿಧಿಯ ಮಾತು ಬಂದಾಗಲೆಲ್ಲ ಈ ಸಲಹೆ ಬಂದೇ ಬರುತ್ತದೆ. ಹೇಳುವವರು ಸಾಮಾನ್ಯವಾಗಿ ಕೂತೇ ಹೇಳುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ, ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ.

ಸಲಹೆ ಕೇಳಲು ಚೆನ್ನಾಗಿದೆ. ಎಷ್ಟಾದರೂ ತೆರಿಗೆ ಕಟ್ಟುವವರ ಹಣ, ಅಲ್ವಾ? ಹಾಗಾದರೆ ಒಂದು ಲೆಕ್ಕ ಹಾಕೋಣ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1500. ಕರ್ನಾಟಕದಲ್ಲಿ ನರೇಗಾ (ಗ್ರಾಮೀಣ ಉದ್ಯೋಗ ಖಾತ್ರಿ) ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಬಿ.ಎ. ಓದಿದವನಿಂದ ತಿಂಗಳಿಗೆ ಎಂಟು ದಿನ ಗುಂಡಿ ತೋಡಿಸಬಹುದು, ಡಿಪ್ಲೊಮಾದವನಿಂದ ನಾಲ್ಕೇ ದಿನ. ಜಾಸ್ತಿ ಓದಿದಷ್ಟೂ ಜಾಸ್ತಿ ಗುಂಡಿ.

ಲೆಕ್ಕ ಇಲ್ಲಿವರೆಗೆ ಸರಿಯಾಗಿದೆ. ತೊಡಕು ಮುಂದಿದೆ. ಯುವನಿಧಿ ಸಿಗುವುದು ಓದು ಮುಗಿದು 180 ದಿನ ಆದರೂ ಕೆಲಸ ಸಿಗದವರಿಗೆ. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಳ್ಳುವವರಿಗೂ ಇಲ್ಲ. ಈಗ ಹುಡುಗನನ್ನು ಕೆಲಸಕ್ಕೆ ಹಚ್ಚಿ ದುಡ್ಡು ಕೊಟ್ಟಿರಿ ಅನ್ನಿ. ಅವನಿಗೆ ಕೆಲಸ ಸಿಕ್ಕಿತು. ಕೆಲಸ ಸಿಕ್ಕಿದವನಿಗೆ ಭತ್ಯೆ ಇಲ್ಲ. ಭತ್ಯೆ ಇಲ್ಲ ಅಂದಮೇಲೆ ಕೆಲಸ ಮಾಡಿಸುವ ಹಾಗಿಲ್ಲ. ಕೆಲಸ ಇಲ್ಲ ಅಂದಮೇಲೆ ಭತ್ಯೆ ಕೊಡಲೇಬೇಕು. ಈ ಕಡತ ವಿಧಾನಸೌಧದ ಒಂದು ಮಹಡಿಯಿಂದ ಇನ್ನೊಂದಕ್ಕೆ ನಿವೃತ್ತಿಯಾಗುವವರೆಗೂ ಓಡಾಡಬಹುದು. ಕಡತ ಹೊರುವವನಿಗಂತೂ ಉದ್ಯೋಗ ಭದ್ರ.

ಅದೂ ಅಲ್ಲದೆ, ಈ ಹುಡುಗರು ಸುಮ್ನೆ ಕೂತಿದ್ದಾರೆ ಅಂದವರು ಯಾರು? ಯೋಜನೆ ಶುರುವಾದಾಗಲೇ ಅವರಿಗೊಂದು ಕೆಲಸ ಕೊಟ್ಟಾಗಿದೆ. ಆಗಾಗ, ಗೊತ್ತುಮಾಡಿದ ದಿನದೊಳಗೆ ಸೇವಾಸಿಂಧುವಿಗೆ ಹೋಗಿ "ನನಗಿನ್ನೂ ಕೆಲಸ ಸಿಕ್ಕಿಲ್ಲ" ಎಂದು ಘೋಷಿಸಬೇಕು. ಸರ್ವರ್ ಕೈಕೊಟ್ಟರೆ ಮತ್ತೆ ಹೋಗಬೇಕು. ಓಟಿಪಿ ಬರದಿದ್ದರೆ ಕಾಯಬೇಕು. ತನಗೆ ಕೆಲಸ ಇಲ್ಲ ಅಂತ ಸಾಬೀತು ಮಾಡುವುದು ನಮ್ಮ ರಾಜ್ಯದಲ್ಲಿ ಈಗ ಹೆಚ್ಚುಕಡಿಮೆ ಅರೆಕಾಲಿಕ ಹುದ್ದೆ.

ಈ ತೊಡಕನ್ನು ರಾಜಸ್ಥಾನದವರು ಬಿಡಿಸಿಕೊಂಡಿದ್ದಾರೆ. ಅಲ್ಲಿ 2022ರ ಜನವರಿಯಿಂದ ನಿರುದ್ಯೋಗ ಭತ್ಯೆಯನ್ನು ಸಾವಿರ ರೂಪಾಯಿ ಏರಿಸಿದರು. ಗಂಡಸರಿಗೆ 4000, ಹೆಂಗಸರಿಗೆ 4500. ಬದಲಿಗೆ ದಿನಾ ನಾಲ್ಕು ಗಂಟೆ ಸರ್ಕಾರಿ ಇಲಾಖೆಯಲ್ಲಿ ದುಡಿಯಬೇಕು. ಇದಕ್ಕೆ ನೌಕರಿ ಅನ್ನುವುದಿಲ್ಲ, ಇಂಟರ್ನ್‌ಶಿಪ್ ಅನ್ನುತ್ತಾರೆ. ಸಂಬಳ ಅನ್ನುವುದಿಲ್ಲ, ಭತ್ಯೆ ಅನ್ನುತ್ತಾರೆ. ಹೆಚ್ಚೆಂದರೆ ಎರಡು ವರ್ಷ. ಆಮೇಲೆ ಇಲಾಖೆ ಅಲ್ಲೇ ಇರುತ್ತದೆ, ಕೆಲಸವೂ ಅಲ್ಲೇ ಇರುತ್ತದೆ, ಹುಡುಗ ಮಾತ್ರ ಮನೆಗೆ. ಮಾಡಬೇಕಾದ ಕೆಲಸ ಇದೆ, ಮಾಡುವ ಹುಡುಗ ಇದ್ದಾನೆ, ಕೊಡಲು ದುಡ್ಡೂ ಇದೆ. ಈ ಮೂರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ಮೇಲೂ ಅದನ್ನು ಉದ್ಯೋಗ ಅನ್ನದೆ ಇರಬೇಕಾದರೆ ಆಡಳಿತದಲ್ಲಿ ಬಹಳ ಪಳಗಿರಬೇಕು.

ಮಧ್ಯಪ್ರದೇಶದ ಯೋಚನೆ ಇನ್ನೂ ಮುಂದೆ ಹೋಗಿತ್ತು. 2019ರಲ್ಲಿ ಕಮಲನಾಥ್ ಸರ್ಕಾರ ನಗರದ ನಿರುದ್ಯೋಗಿ ಯುವಕರಿಗೆ ನೂರು ದಿನದ ಕೆಲಸ, ತಿಂಗಳಿಗೆ 4000 ರೂಪಾಯಿ ಎಂದು ಯೋಜನೆ ತಂದಿತು. ತರಬೇತಿ ಕೊಡುವ ಕಸುಬುಗಳ ಪಟ್ಟಿಯಲ್ಲಿ ಬ್ಯಾಂಡ್ ಬಾರಿಸುವುದೂ ಇತ್ತು, ದನ ಮೇಯಿಸುವುದೂ ಇತ್ತು. ಓದದಿದ್ದರೆ ದನ ಕಾಯೋಕೆ ಹೋಗಬೇಕಾಗುತ್ತೆ ಅಂತ ನಮ್ಮ ಮೇಷ್ಟ್ರುಗಳು ಬೈಯುತ್ತಿದ್ದರು. ಓದಿದರೂ ಹೋಗಬಹುದು, ಸರ್ಕಾರವೇ ತರಬೇತಿ ಕೊಡುತ್ತದೆ ಅನ್ನುವುದು ಪಾಪ ಅವರಿಗೆ ಹೊಳೆದಿರಲಿಲ್ಲ.

ನಮ್ಮವರ ತಲೆಯಷ್ಟೇ ಹೀಗೆ ಓಡುತ್ತದೆ ಅಂದುಕೊಳ್ಳಬೇಡಿ. ಬ್ರಿಟನ್ ಈ ವಿದ್ಯೆಯಲ್ಲಿ ನಮಗಿಂತ ಹಿರಿಯ. 2011ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಹುಡುಗಿಯೊಬ್ಬಳು ಭೂವಿಜ್ಞಾನದಲ್ಲಿ ಪದವಿ ಮುಗಿಸಿ, ಭತ್ಯೆ ಪಡೆಯುತ್ತಾ, ಸಂಬಳವಿಲ್ಲದೆ ಒಂದು ಮ್ಯೂಸಿಯಂನಲ್ಲಿ ದುಡಿಯುತ್ತಿದ್ದಳು. ಇದು ಕೆಲಸ ಕಲಿತ ಹಾಗಾಗಲಿಲ್ಲ ಅನ್ನಿಸಿತು ಅಧಿಕಾರಿಗಳಿಗೆ. ಎಲ್ಲಾ ಸಾಮಾನಿಗೂ ಒಂದೇ ಪೌಂಡ್ ಅನ್ನುತ್ತಿದ್ದ ಪೌಂಡ್‌ಲ್ಯಾಂಡ್ ಅಂಗಡಿಗೆ ಎರಡು ವಾರ ಕಳಿಸಿದರು. ಅಲ್ಲೂ ಸಂಬಳವಿಲ್ಲ. ಕಪಾಟಿಗೆ ಸಾಮಾನು ಜೋಡಿಸಿದಳು, ನೆಲ ಗುಡಿಸಿದಳು. ಪಾಪ, ಸರ್ಕಾರ ಖಾಸಗಿ ಅಂಗಡಿಗೆ ಪುಕ್ಕಟೆ ಆಳು ಒದಗಿಸಿತ್ತು. ಟೀ ಅಂಗಡಿಯ ನಮ್ಮ ಮಿತ್ರರು ಇದನ್ನು ಬಿಟ್ಟಿ ಭಾಗ್ಯಗಳ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಹುಡುಗಿ ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದಳು. 2013ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಸರ್ಕಾರದ ನಿಯಮಗಳೇ ಕಾನೂನುಬಾಹಿರ ಎಂದಿತು. ಹಾಗಾದರೆ ಈ ನಿಯಮದ ಹೆಸರಲ್ಲಿ ಯಾರ್‍ಯಾರ ಭತ್ಯೆ ಕಡಿದಿದ್ದರೋ ಅವರಿಗೆಲ್ಲ ವಾಪಸ್ ಕೊಡಬೇಕು. ಮೊತ್ತ ಸುಮಾರು 13 ಕೋಟಿ ಪೌಂಡ್ ಎಂದು ಅಂದಾಜಾಯಿತು. ಸರ್ಕಾರ ತಡಮಾಡಲಿಲ್ಲ. ಮುಂದಿನ ತಿಂಗಳೇ ಹೊಸ ಕಾಯ್ದೆ ತಂದು, ಹಿಂದೆ ಮಾಡಿದ್ದೆಲ್ಲ ಹಿಂದಿನಿಂದಲೇ ಸರಿಯಾಗಿತ್ತು ಎಂದು ಬರೆದುಕೊಂಡಿತು. ನಿರುದ್ಯೋಗಿ ಒಂದು ಅಪಾಯಿಂಟ್‌ಮೆಂಟ್ ತಪ್ಪಿಸಿಕೊಂಡರೆ ಭತ್ಯೆ ಕಡಿತ. ಸರ್ಕಾರ ಕಾನೂನು ತಪ್ಪಿದರೆ ಕಾನೂನೇ ಬದಲು. ಶಿಸ್ತು ಕಲಿಸುವುದು ಅಂದರೆ ಹೀಗೆ.

ಇನ್ನು ಕೆಲಸ ಮಾಡಿಸಿದರೆ ಸಾಲದು, ಮಾಡಿದರೋ ಇಲ್ಲವೋ ನೋಡಬೇಕಲ್ಲ. ಅದರಲ್ಲಿ ಮಾತ್ರ ನಮ್ಮನ್ನು ಮೀರಿಸಿದವರಿಲ್ಲ. ನರೇಗಾದಲ್ಲಿ 2023ರ ಜನವರಿಯಿಂದ ಕೂಲಿಕಾರರ ಹಾಜರಿಯನ್ನು ಆ್ಯಪ್‌ನಲ್ಲೇ ಹಾಕಬೇಕೆಂದಾಯಿತು. ದಿನಕ್ಕೆ ಎರಡು ಸಲ ಫೋಟೋ. ಕೆರೆ ಹೂಳು ಎತ್ತುವ ಜಾಗದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ, ಎತ್ತಿದ ಹೂಳು ಕಣ್ಣೆದುರೇ ಬಿದ್ದಿದ್ದರೂ ಹಾಜರಿಗೆ ತಾಪತ್ರಯ. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿತು: ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ. ಪರಿಹಾರ? ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ಫೋಟೋವನ್ನೂ ಕೂತು ಪರಿಶೀಲಿಸಬೇಕು. ಹೂಳೆತ್ತುವವನ ಫೋಟೋ ತೆಗೆಯಲು ಒಬ್ಬ, ಆ ಫೋಟೋ ನೋಡಲು ಇನ್ನೊಬ್ಬ, ನೋಡಿದನೋ ಇಲ್ಲವೋ ನೋಡಲು ಮೇಲೊಬ್ಬ. ಯುವನಿಧಿಗೂ ಇದನ್ನು ತಂದರೆ 3000 ರೂಪಾಯಿ ಕೊಡಲು ಎಷ್ಟು ಸಾವಿರ ಖರ್ಚಾಗಬಹುದು ಅಂತ ತೆರಿಗೆ ಕಟ್ಟುವವರು ಒಮ್ಮೆ ಕೇಳಿ ನೋಡಬೇಕು.

ಅಷ್ಟಾದರೂ ಕೆಲಸ ಮಾಡಿಸಲೇಬೇಕು ಅಂದರೆ ಒಂದು ಜಾಗ ಇದೆ. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಪತ್ರಿಕೆಯ ಕನ್ನಡ ಎಷ್ಟು ಚೆನ್ನಾಗಿತ್ತು ಅಂದರೆ ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ತಪ್ಪುಗಳು. ಕನ್ನಡದಲ್ಲಿ ಬರೆದವರು ಪ್ರಶ್ನೆ ಅರ್ಥವಾಗದೆ ಬೀದಿಗಿಳಿದರು. ರಾಜ್ಯ ಸರ್ಕಾರದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇವೆ. ಅವನ್ನು ತುಂಬಲು ಹೊರಟರೆ ಪ್ರಶ್ನೆಪತ್ರಿಕೆಗಳು ಬೇಕೇ ಬೇಕು. ಕನ್ನಡ ಎಂ.ಎ. ಮಾಡಿ ಮನೆಯಲ್ಲಿ ಕೂತ ಹುಡುಗರು ಊರೂರಲ್ಲಿ ಸಿಗುತ್ತಾರೆ. ಅವರ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ತಿದ್ದಿಸಿ, ತಿಂಗಳಿಗೆ 3000 ಕೊಟ್ಟುಬಿಡಿ. ತೊಂದರೆ ಒಂದೇ. ಅಷ್ಟು ಚೆನ್ನಾಗಿ ಕನ್ನಡ ಬರುವವರು ಆ ಕೆಲಸಕ್ಕೆ ಆಯ್ಕೆಯಾಗಬೇಕಾದರೆ ಮೊದಲು ಕೆಪಿಎಸ್‌ಸಿ ಪರೀಕ್ಷೆ ಪಾಸಾಗಿರಬೇಕು ಅಂತ ಯಾರಾದರೂ ಷರತ್ತು ಹಾಕುತ್ತಾರೆ.